ಶಾಯಣ್ಣನ ಹಳದಿ ಗೆರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ತಾಗಿಸಿಟ್ಟ ಮೇಜಿನ ಮೇಲೆ, ಹೊಟ್ಟೆ ಬಗೆದ ಪ್ರಿಂಟರೊಂದು ಬಿದ್ದಿದೆ. ಮುಚ್ಚಳ ನೆಲದ ಮೇಲೆ, ತಿರುಪುಗಳು ಹಳೆಯ ಊಟದ ತಟ್ಟೆಯಲ್ಲಿ, ಶಾಯಿ ಹರಿಯುವ ತೆಳು ಕೊಳವೆಗಳು ಹೊರಗೆ ಜೋತುಬಿದ್ದಿವೆ. ಅದರೊಳಗೆ ಬಗ್ಗಿರುವ ಶಾಯಣ್ಣ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಭಾಗವೊಂದನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತುತ್ತಾರೆ. ಇದಕ್ಕೆ ಹೆಡ್ ಎನ್ನುತ್ತಾರೆ. ಕೂದಲೆಳೆಗಿಂತ ಸಣ್ಣ ತೂತುಗಳು ಇದರ ಅಡಿಯಲ್ಲಿ ಸಾಲುಗಟ್ಟಿವೆ. ಕಪ್ಪು, ನೀಲಿ, ಕೆಂಪು, ಹಳದಿ, ನಾಲ್ಕೂ ಶಾಯಿ ಆ ತೂತುಗಳಿಂದಲೇ ಕಾಗದಕ್ಕೆ ಚಿಮ್ಮಬೇಕು. ಪ್ರಿಂಟರಿನಲ್ಲಿ ಬೆಲೆಬಾಳುವುದು ಇದೊಂದೇ, ಉಳಿದದ್ದೆಲ್ಲ ಪ್ಲಾಸ್ಟಿಕ್ಕು ಮತ್ತು ಗಲಾಟೆ ಎಂಬುದು ಶಾಯಣ್ಣನ ಮಾತು.

ಹೆಡ್ಡನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಊಟದ ಡಬ್ಬಿಯೊಳಗೆ ಮಲಗಿಸಿ, ಮುಚ್ಚಳ ಹಾಕುತ್ತಾರೆ. ಪ್ರಿಂಟರು ಅವರದ್ದೇ. ಈ ಕೆಲಸವನ್ನು ಅವರು ಕಲಿತದ್ದೇ ಇದರ ಮೇಲೆ. ಇವತ್ತು ಇದರ ಹೆಡ್ಡು ಪೇಟೆಬೀದಿಯ ಫೋಟೋ ಸ್ಟುಡಿಯೋಗೆ ಹೋಗುತ್ತದೆ. ಆ ಸ್ಟುಡಿಯೋದ ಪ್ರಿಂಟರಿನ ಹೆಡ್ಡನ್ನು ಹಾಳು ಮಾಡಿದ್ದು ಶಾಯಣ್ಣ. ಅದು ಸ್ಟುಡಿಯೋ ನಡೆಸುವ ಹೆಂಗಸಿಗೆ ಇನ್ನೂ ಗೊತ್ತಿಲ್ಲ.

“ಇವತ್ತು ಹೇಳಿಬಿಡ್ತೀನಿ,” ಎನ್ನುತ್ತಾರೆ, ಡಬ್ಬಿಯ ಮೇಲೆ ಕೈಯಿಟ್ಟು.

ಗೋಡೆಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತ ಅವರ ಹೆಂಡತಿ ತಲೆಯೆತ್ತುವುದಿಲ್ಲ. ಅವರಿವರ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಹರಿದಲ್ಲಿ ಕಾಣದಂತೆ ಹೊಲಿಯುವುದು ಅವರ ಕಸುಬು. “ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ,” ಎನ್ನುತ್ತಾರೆ ಅವರು, ದಾರವನ್ನು ಹಲ್ಲಿನಲ್ಲಿ ಕಡಿದು, ಬಾಗಿಲ ಬಳಿ ಬರೆದುಕೊಳ್ಳುತ್ತ ಕೂತ ಪತ್ರಿಕೆಯವರ ಕಡೆ ನೋಡಿ. “ಎರಡು ಕಡೆ ಹೇಳಿ ಎರಡೂ ಗಿರಾಕಿ ಕಳ್ಕೊಂಡಾಯ್ತು. ಇದೊಂದಾದ್ರೂ ಇರ್ಲಿ ಬಿಡಿ ಅಂದ್ರೆ ಕೇಳಲ್ಲ ಇವರು.”

ಶಾಯಣ್ಣ ಎಂಬುದು ಪೇಟೆ ಕೊಟ್ಟ ಹೆಸರು. ಬೆರಳ ಸಂದಿಯ ಶಾಯಿ ಯಾವ ಸೋಪಿಗೂ ಜಗ್ಗುವುದಿಲ್ಲ. ಉಗುರಿನ ಸುತ್ತ ಕಪ್ಪು, ಅಂಗೈ ಗೆರೆಗಳಲ್ಲಿ ನೀಲಿ. “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಂದು ಕೈಯೇನೋ ಕೆಸರಾಯ್ತು, ಮೊಸರಿನ ವಿಚಾರ ಮಾತ್ರ ಕೇಳ್ಬೇಡಿ,” ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹರೆಯದಲ್ಲಿ ಅವರು ಸರ್ಕಾರಿ ಕಚೇರಿಯೊಂದರ ಹೊರಗೆ ಸ್ಟೂಲು ಹಾಕಿಕೊಂಡು, ಖಾಲಿಯಾದ ಕಾರ್ಟ್ರಿಜ್ಜುಗಳಿಗೆ ಸಿರಿಂಜಿನಿಂದ ಶಾಯಿ ತುಂಬುತ್ತಿದ್ದರು. ಪ್ರಿಂಟರಿಗಿಂತ ಶಾಯಿಯೇ ದುಬಾರಿಯಾಗಿದ್ದ ದಿನಗಳು. ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ. ಜನ ಅವರ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ರಿಪೇರಿ ಕಲಿಸಿದವನು ಅದೇ ಗೋಡೆಗೆ ಒರಗಿ ಟೈಪ್‌ರೈಟರ್ ಸರಿ ಮಾಡುತ್ತಿದ್ದ ಮುದುಕ. ತನ್ನ ಯಂತ್ರಗಳು ಸತ್ತುಹೋಗುವುದನ್ನು ಕಣ್ಣಾರೆ ಕಂಡ ಆತ, “ಹೊಸದನ್ನ ಕಲಿ, ಆದ್ರೆ ಅದೂ ಸಾಯುತ್ತೆ ಅಂತ ನೆನಪಿಟ್ಕೊ,” ಎಂದು ಹೇಳಿದ್ದನಂತೆ. ಮಾತು ಸುಳ್ಳಾಗಲಿಲ್ಲ. ಕಾಗದ ಬೇಡವಾದವರು ಫೋನಿನಲ್ಲೇ ಎಲ್ಲ ತೋರಿಸತೊಡಗಿದರು. ಪ್ರಿಂಟರು ಕೆಟ್ಟರೆ ಎಸೆದು ಹೊಸದು ತರುವುದು ಸುಲಭವಾಯಿತು. ಒಂದು ಕಾಲಕ್ಕೆ ರಿಪೇರಿ ಅಂಗಡಿಗಳೇ ತುಂಬಿದ್ದ ಓಣಿಯಲ್ಲಿ ಈಗ ಉಳಿದಿರುವುದು ಶಾಯಣ್ಣನ ಮೇಜು ಮಾತ್ರ. ಮೊದಲು ದಿನಕ್ಕೆ ಏಳೆಂಟು ಯಂತ್ರ ಬರುತ್ತಿದ್ದವು. ಈಗ ವಾರಕ್ಕೆ ಅಷ್ಟು ಬಂದರೆ ಪುಣ್ಯ.

ಆದರೂ ಕೆಲಸದ ಮಾತು ತೆಗೆದರೆ ಸಾಕು, ಬೆನ್ನು ನೆಟ್ಟಗಾಗುತ್ತದೆ. “ಪ್ರಿಂಟರಿನ ಕಾಯಿಲೆ ಪ್ರಿಂಟರೇ ಹೇಳುತ್ತೆ. ಕೇಳೋ ತಾಳ್ಮೆ ಬೇಕು ಅಷ್ಟೆ,” ಎನ್ನುತ್ತಾರೆ. ಚಿತ್ರದ ನಡುವೆ ಬಿಳಿ ಅಡ್ಡಗೆರೆ ಬಿದ್ದರೆ ತೂತು ಕಟ್ಟಿದೆ ಎಂದರ್ಥ. ಅಕ್ಷರದ ಪಕ್ಕ ನೆರಳು ಕಂಡರೆ ಹೆಡ್ಡು ಸಾಲು ತಪ್ಪಿದೆ. ಅರ್ಧ ಪುಟ ಚೆನ್ನಾಗಿ ಬಂದು ಆಮೇಲೆ ಒಂದು ಬಣ್ಣ ಬತ್ತಿದರೆ ಕೊಳವೆಯೊಳಗೆ ಗಾಳಿ ಸೇರಿದೆ. ಶಾಯಿ ಒಣಗದೆ ಹರಡಿಕೊಂಡರೆ ಕಾಗದ ತೇವವಾಗಿದೆ, ಇಲ್ಲವೇ ಫೋಟೋ ಕಾಗದವನ್ನು ಮೇಲೆ ಕೆಳಗೆ ಮಾಡಿ ಹಾಕಿದ್ದಾರೆ. ಒಬ್ಬ ಮೇಷ್ಟ್ರು ಹೀಗೆಯೇ ಮಾಡಿ, ಪ್ರಿಂಟರಿಗೆ ಬಾಯಿಗೆ ಬಂದಂತೆ ಬೈದು ಹೊತ್ತು ತಂದಿದ್ದರು. ಶಾಯಣ್ಣ ಕಾಗದವನ್ನು ತಿರುಗಿಸಿ ಹಾಕಿ, ಒಂದು ಚಹಾ ಕುಡಿಸಿ, ಯಂತ್ರವನ್ನು ಹಾಗೆಯೇ ವಾಪಸ್ ಕಳಿಸಿದರು.

“ಅರ್ಧ ಕಾಯಿಲೆಗೆ ಮದ್ದು ಒಂದೇ. ವಾರಕ್ಕೊಂದ್ಸಲ ಒಂದು ಬಣ್ಣದ ಪುಟ ತೆಗೀರಿ. ಓಡಾಡದ ಕಾಲು, ಓಡದ ಪ್ರಿಂಟರು, ಎರಡೂ ಹಿಡ್ಕೊಂಡುಬಿಡುತ್ತೆ.”

ಯಾವ ಯಂತ್ರ ಬಂದರೂ ಮೊದಲು ಪರೀಕ್ಷೆಯ ಪುಟ ತೆಗೆದು ತಾವೊಬ್ಬರೇ ನೋಡುವುದು ಅವರ ಕ್ರಮ. ಬಿಳಿ ಹಾಳೆಯ ಮೇಲೆ ನಾಲ್ಕು ಬಣ್ಣಗಳ ಸಣ್ಣ ಸಣ್ಣ ಗೆರೆಗಳು ಮೆಟ್ಟಿಲಿನಂತೆ ಬೀಳುತ್ತವೆ. ಒಂದು ಗೆರೆ ಇಲ್ಲವೆಂದರೆ ಒಂದು ತೂತು ಮುಚ್ಚಿದೆ. ಕಪ್ಪು, ನೀಲಿ, ಕೆಂಪು ಯಾರಿಗಾದರೂ ಕಾಣುತ್ತವೆ. ಕಷ್ಟ ಹಳದಿಯದ್ದು. ಬಿಳಿಯ ಮೇಲೆ ಹಳದಿ ಗೆರೆ ಹುಡುಕಲು ಚೆನ್ನಾಗಿರುವ ಕಣ್ಣೂ ತಡವರಿಸುತ್ತದೆ. ಅದಕ್ಕೇ ಶಾಯಣ್ಣ ಈ ಕೆಲಸವನ್ನು ಬೆಳಗಿನ ಬೆಳಕಿಗೆ ಇಟ್ಟುಕೊಂಡಿದ್ದಾರೆ. “ಟ್ಯೂಬ್‌ಲೈಟು ಮುಖಸ್ತುತಿ ಮಾಡುತ್ತೆ. ಬೆಳಗಿನ ಬಿಸಿಲು ಮಾಡಲ್ಲ,” ಎನ್ನುತ್ತಾರೆ. ಇನ್ನೊಂದು ಉಪಾಯ ಟೈಪ್‌ರೈಟರಿನ ಮುದುಕ ಹೇಳಿಕೊಟ್ಟದ್ದು: ನೀಲಿ ಜಿಲೇಟಿನ್ ಕಾಗದವನ್ನು ಕಣ್ಣಿಗೆ ಹಿಡಿದು ನೋಡಿದರೆ ಹಳದಿ ಗೆರೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಅಂಥದ್ದೊಂದು ಚೂರು ಅವರ ಅಂಗಿಯ ಜೇಬಿನಲ್ಲಿ ಸದಾ ಇರುತ್ತದೆ.

ಕೆಲವು ತಿಂಗಳ ಹಿಂದೆ ಆ ಚೂರಿನಿಂದ ನೋಡಿದರೆ ಬರೀ ಮಬ್ಬು ಕಾಣತೊಡಗಿತು. ಕಾಗದ ಹಳತಾಯಿತೆಂದು ಶಾಯಣ್ಣ ಹೊಸದನ್ನು ತಂದರು. ಅದೂ ಮಬ್ಬು. ಈಗ ಬರುವ ಸಾಮಾನೇ ಹೀಗೆ ಎಂದು ಬೈದುಕೊಂಡು ಇನ್ನೊಂದನ್ನು ತಂದರು.

ಅದಾದ ಮೇಲಿನ ಕಥೆಯನ್ನು ಅವರು ಹೇಳುವಾಗ ಹೆಂಡತಿ ಹೊಲಿಗೆ ನಿಲ್ಲಿಸಿ ಕೂರುತ್ತಾರೆ. ಒಂದು ಶಾಲೆಯ ಕಚೇರಿಯ ಪ್ರಿಂಟರ್ ಬಂತು, ಹಳದಿ ಇಲ್ಲ. ಯಂತ್ರವೇ ಮಾಡಿಕೊಳ್ಳುವ ಶುದ್ಧೀಕರಣವನ್ನು ಮೇಲಿಂದ ಮೇಲೆ ಮಾಡಿಸಿದರು, ಬರಲಿಲ್ಲ. ಶಾಲೆಗೆ ಕಪ್ಪು ಅಕ್ಷರ ಬಂದರೆ ಸಾಕಿತ್ತು, ಹಾಗೆಯೇ ಒಯ್ದರು. ಆಮೇಲೆ ಪುಸ್ತಕದಂಗಡಿಯ ಪ್ರಿಂಟರ್. ಅದರಲ್ಲೂ ಹಳದಿ ಇಲ್ಲ. ಅದೇ ವಾರ ಸ್ಟುಡಿಯೋದ ಪ್ರಿಂಟರಿನಲ್ಲಿ ಒಂದು ಸಣ್ಣ ಅಡ್ಡಗೆರೆ ಬೀಳುತ್ತಿದೆಯೆಂದು ಕರೆ ಬಂತು. ಹೋಗಿ ನೋಡಿದರೆ ಅಲ್ಲೂ ಹಳದಿ ಪೂರ್ತಿ ನಾಪತ್ತೆ. ಸ್ಟುಡಿಯೋಗೆ ಬಣ್ಣವೇ ಬದುಕು. ಶುದ್ಧೀಕರಣಕ್ಕೆ ಬಗ್ಗದಿದ್ದಾಗ ಶಾಯಣ್ಣ ಸಿರಿಂಜು ತೆಗೆದರು. ಹೆಡ್ಡಿನ ಹಳದಿ ಬಾಯಿಗೆ ಕೊಳವೆ ಸಿಕ್ಕಿಸಿ ಬೆಚ್ಚಗಿನ ನೀರು ತಳ್ಳಬೇಕು. ಮೆಲ್ಲಗೆ, ಮಗುವಿಗೆ ಔಷಧಿ ಕುಡಿಸುವ ಹಾಗೆ. ಹಾಗೆಂದು ಹತ್ತಾರು ಜನರಿಗೆ ಅವರೇ ಹೇಳಿಕೊಟ್ಟಿದ್ದರು. ಆ ದಿನ ಮಾತ್ರ ಕೈ ಜೋರಾಯಿತು. ಮತ್ತೆ ತಳ್ಳಿದರು, ಮತ್ತೆ ಪುಟ ತೆಗೆದರು, ಮತ್ತೆ ತಳ್ಳಿದರು.

“ಕೊನೆಗೆ ಗೆರೆ ಕಾಣ್ತು ನೋಡಿ. ಅಬ್ಬ ಅಂತ ನಿಟ್ಟುಸಿರು ಬಿಟ್ಟೆ. ‘ಬಂತಮ್ಮ ಹಳದಿ’ ಅಂದೆ. ಆಯಮ್ಮ ನೋಡಿ, ‘ಇದು ಹಸಿರಲ್ವಾ ಶಾಯಣ್ಣ?’ ಅಂದ್ರು.”

ಹಸಿರೇ ಆಗಿತ್ತು. ಒತ್ತಡಕ್ಕೆ ಹೆಡ್ಡಿನೊಳಗಿನ ತೆಳು ಗೋಡೆ ಒಡೆದು, ನೀಲಿ ಶಾಯಿ ಹಳದಿಯ ದಾರಿಗೆ ನುಗ್ಗಿತ್ತು. ಒಮ್ಮೆ ಒಡೆದದ್ದು ಕೂಡುವುದಿಲ್ಲ. ಶಾಯಣ್ಣ ಪುಟವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಇಂಕಿನದ್ದೇ ದೋಷ, ಕಲಬೆರಕೆ ಇಂಕು ಹೆಡ್ಡನ್ನು ತಿಂದಿದೆ ಎಂದುಬಿಟ್ಟರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಆಗ ಅನ್ನಿಸಲೇ ಇಲ್ಲ. ಮೂರು ಯಂತ್ರ, ಮೂರಕ್ಕೂ ಒಂದೇ ರೋಗ; ಮೂರಕ್ಕೂ ಇಂಕು ಬಂದದ್ದು ಒಂದೇ ಅಂಗಡಿಯಿಂದ. ಬೇರೆ ಯಾರಾದರೂ ಅದನ್ನೇ ಹೇಳುತ್ತಿದ್ದರು.

ಆ ಅಂಗಡಿ ಬಣ್ಣದಜ್ಜನದ್ದು. ಪೇಟೆಯ ಮೂಲೆಯಲ್ಲಿ ಕ್ಯಾನಿನಿಂದ ಬಾಟಲಿಗೆ ಅಳೆದು ಇಂಕು ಮಾರುವ ವಯಸ್ಸಾದ ಮನುಷ್ಯ. ಶಾಯಣ್ಣ ಇಂಕು ಕೆಟ್ಟಿದೆ ಎಂದರೆ ಪೇಟೆಯಲ್ಲಿ ಇನ್ನೊಂದು ಮಾತಿಲ್ಲ. ಒಬ್ಬೊಬ್ಬರೇ ಬೇರೆ ಕಡೆ ಕೊಳ್ಳತೊಡಗಿದರು. ಬಣ್ಣದಜ್ಜ ವಾದ ಮಾಡಲಿಲ್ಲ. ಇನ್ನು ಯಾರೂ ಕೊಳ್ಳುವುದಿಲ್ಲವೆಂದು ಇದ್ದ ಹಳದಿಯನ್ನೆಲ್ಲ, ಕ್ಯಾನುಗಟ್ಟಲೆ, ಅಂಗಡಿ ಮುಂದಿನ ಚರಂಡಿಗೆ ಸುರಿದ. ಬೀದಿಯುದ್ದಕ್ಕೂ ಚರಂಡಿ ಹಳದಿಯಾಗಿ ಹರಿಯಿತಂತೆ. ಮಕ್ಕಳು ನಿಂತು ನೋಡಿದರಂತೆ. ಅದೇ ಹೊತ್ತಿಗೆ ಶಾಯಣ್ಣ ಆ ಚರಂಡಿಯನ್ನು ದಾಟಿ ಹೋಗಿದ್ದರು.

“ಯಾರೋ ಪಾತ್ರೆ ತೊಳೆದ ನೀರು ಚೆಲ್ಲಿದಾರೆ ಅಂದ್ಕೊಂಡೆ,” ಎನ್ನುತ್ತಾರೆ.

ನಿಜ ಗೊತ್ತಾದದ್ದು ಈ ಮೇಜಿನ ಮೇಲೆಯೇ. ಬೇರೆ ಅಂಗಡಿಯ ಹೊಸ ಇಂಕನ್ನು ತಮ್ಮ ಸ್ವಂತ ಪ್ರಿಂಟರಿಗೆ ತುಂಬಿ ಶಾಯಣ್ಣ ಪರೀಕ್ಷೆಯ ಪುಟ ತೆಗೆದರು. ಅದರಲ್ಲೂ ಹಳದಿ ಇಲ್ಲ. ಚಹಾದ ಲೋಟ ಒಯ್ಯಲು ಬಂದ ಹೆಂಡತಿ ಹಾಳೆಯ ಮೇಲೆ ಕಣ್ಣಾಡಿಸಿ, “ಇದರಲ್ಲಾದ್ರೂ ಹಳದಿ ಚೆನ್ನಾಗಿ ಬಂದಿದೆಯಲ್ಲ ರೀ,” ಎಂದರು.

“ಎಲ್ಲಿ?”

“ಎಲ್ಲಿ ಅಂದ್ರೆ? ಇಲ್ಲೇ. ಒಂದು ಗೆರೆಯೂ ತಪ್ಪಿಲ್ಲ.”

ಶಾಯಣ್ಣ ತಮಾಷೆ ಎಂದುಕೊಂಡರು. ಹೆಂಡತಿ ಅವರ ಬೆರಳು ಹಿಡಿದು ಗೆರೆಗಳ ಮೇಲೆ ಒಂದೊಂದಾಗಿ ಇಟ್ಟರು. ಆಮೇಲೆ ಹೊಲಿಗೆ ಡಬ್ಬಿಯಿಂದ ದಾರದ ಉಂಡೆಗಳನ್ನು ತಂದು ಮೇಜಿನ ಮೇಲೆ ಸುರಿದು, ಹಳದಿಯನ್ನೂ ಬಿಳಿಯನ್ನೂ ಬೇರೆ ಮಾಡಿ ಎಂದರು. ಹದಿನೈದು ಉಂಡೆಗಳಿರಬಹುದು. ಶಾಯಣ್ಣ ಎಲ್ಲವನ್ನೂ ಒಂದೇ ಗುಂಪಿನಲ್ಲಿ ಇಟ್ಟರು.

“ಒಂದೇ ಕಾಯಿಲೆ ಮೂರು ಕಡೆ ಕಂಡ್ರೆ ಮೂರಕ್ಕೂ ಸೇರಿದ್ದು ಏನು ಅಂತ ಹುಡುಕು ಅಂತ ನಮ್ಮ ಗುರು ಹೇಳಿದ್ದ. ಕಾಗದ ನೋಡು, ಇಂಕು ನೋಡು, ತಂತಿ ನೋಡು. ಎಲ್ಲಾ ನೋಡಿದೆ. ಮೂರಕ್ಕೂ ಸೇರಿದ್ದು ನಾನೇ ಅಂತ ಹೊಳೀಲೇ ಇಲ್ಲ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ, ಹಂಗಾಯ್ತು ನನ್ನ ಕಥೆ.”

ಕಣ್ಣಿನ ಡಾಕ್ಟರು ಪೊರೆ ಬಂದಿಲ್ಲ ಎಂದರು. ಪೊರೆಯಾಗಿದ್ದರೆ ತೆಗೆದುಬಿಡಬಹುದಿತ್ತು. ವರ್ಷಗಟ್ಟಲೆ ಲೆಕ್ಕಕ್ಕಿಡದ ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗದ ಪರದೆಯನ್ನು ತಿಂದಿತ್ತು. ಹೋದದ್ದು ಬರುವುದಿಲ್ಲ, ಇಂಜೆಕ್ಷನ್ನು ಕೊಡುತ್ತ ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಎಂದರು ಡಾಕ್ಟರು. ಶಾಯಣ್ಣ ಎಷ್ಟೋ ಜನರಿಗೆ ಇದೇ ದನಿಯಲ್ಲಿ ಹೆಡ್ಡು ಹೋಗಿದೆ, ಸರಿಯಾಗುವುದಿಲ್ಲ ಎಂದು ಹೇಳಿದ್ದಾರೆ. ಆಗ ಗಿರಾಕಿಗಳೆಲ್ಲ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು. ಅದೇ ಪ್ರಶ್ನೆ ಈಗ ಅವರ ಬಾಯಿಂದ ಬಂತು.

“‘ಇನ್ನೊಂದ್ಸಲ ಕ್ಲೀನ್ ಮಾಡಿ ನೋಡೋಕಾಗಲ್ವಾ ಡಾಕ್ಟ್ರೇ’ ಅಂದೆ. ಅಂದ ಮೇಲೆ ನನಗೇ ನಗು ಬಂತು. ಆಸೆ ಅನ್ನೋದು ಎಲ್ಲರಿಗೂ ಒಂದೇ ನೋಡಿ.”

ಆಸ್ಪತ್ರೆಯಿಂದ ನೇರ ಬಣ್ಣದಜ್ಜನ ಅಂಗಡಿಗೆ ಹೋದರು. ಎಲ್ಲವನ್ನೂ ಹೇಳಿ, ಕೈ ಹಿಡಿದುಕೊಂಡರು. ಬಣ್ಣದಜ್ಜ ಕೈ ಬಿಡಿಸಿಕೊಳ್ಳಲಿಲ್ಲ, ಬೈಯಲೂ ಇಲ್ಲ. “ನನಗೆ ಹೇಳಿ ಏನಪ್ಪಾ ಮಾಡ್ತೀಯ? ನನ್ನ ಇಂಕು ಚೆನ್ನಾಗಿತ್ತು ಅಂತ ನನಗೆ ಗೊತ್ತಿತ್ತು. ಕೊಳ್ಳೋರಿಗೆ ಹೇಳು,” ಎಂದ. ಅಂಗಡಿಯ ಕಪಾಟು ಅರ್ಧ ಖಾಲಿಯಾಗಿತ್ತು.

ಹಾಗಾಗಿ ಶಾಯಣ್ಣ ಹೇಳುತ್ತ ಹೊರಟಿದ್ದಾರೆ. ಶಾಲೆಯವರು ಕೇಳಿ, ಅಯ್ಯೋ ಪಾಪ ಎಂದು, ಮುಂದಿನ ಸಲದಿಂದ ಬೇರೆಯವರನ್ನು ಕರೆದರು. ಪುಸ್ತಕದಂಗಡಿಯವನು ಹಳೆಯ ರಿಪೇರಿಗಳನ್ನೆಲ್ಲ ನೆನೆದು, ಆಗಲೂ ಕಣ್ಣು ಹೀಗೇ ಇತ್ತೇ ಎಂದು ಕೇಳಿದ. ಆ ಮಾತು ಇನ್ನೂ ಚುಚ್ಚುತ್ತದೆ. ಇಬ್ಬರೂ ಬಣ್ಣದಜ್ಜನಲ್ಲಿಗೆ ಮರಳಲಿಲ್ಲ. ಹೊಸ ಕಡೆ ರೂಢಿಯಾಗಿಹೋಗಿದೆಯಂತೆ. ಕೆಟ್ಟ ಸುದ್ದಿ ಒಂದು ದಿನದಲ್ಲಿ ಪೇಟೆ ಸುತ್ತಿ ಬಂದಿತ್ತು. ಅದನ್ನು ಅಳಿಸುವ ಮಾತಿಗೆ ಮಾತ್ರ ಕಾಲು ಬರುತ್ತಿಲ್ಲ.

ಸ್ಟುಡಿಯೋ ಬಾಗಿಲು ತೆಗೆಯುವ ಹೊತ್ತಿಗೆ ಗಂಡಹೆಂಡಿರು ಅಲ್ಲಿ ನಿಂತಿದ್ದಾರೆ. ಇತ್ತೀಚೆಗೆ ಕೆಲಸಕ್ಕೆ ಹೆಂಡತಿಯೂ ಜೊತೆಗೆ ಬರುತ್ತಾರೆ, ಹಳದಿ ನೋಡಿ ಹೇಳಲು. ಸ್ಟುಡಿಯೋ ನಡೆಸುವ ಹೆಂಗಸು ತಂದೆಯ ನಂತರ ಒಬ್ಬರೇ ಇದನ್ನು ಎಳೆದುಕೊಂಡು ಬಂದವರು. ಜನ ಈಗ ಇಲ್ಲಿಗೆ ಬರುವುದು ಎರಡೇ ಕೆಲಸಕ್ಕೆ: ಅರ್ಜಿಗೆ ಅಂಟಿಸುವ ಪುಟ್ಟ ಫೋಟೋಗೆ, ತೀರಿಕೊಂಡವರ ದೊಡ್ಡ ಫೋಟೋಗೆ. ಗೋಡೆಯ ತುಂಬ ಚೌಕಟ್ಟು ಹಾಕಿದ ಮುಖಗಳಿವೆ. ಅವುಗಳಿಗೆಲ್ಲ ಬಣ್ಣ ಸರಿಯಿದೆ ಎಂದು ಒಪ್ಪಿಗೆ ಕೊಟ್ಟವರು ಶಾಯಣ್ಣ.

ಶಾಯಣ್ಣ ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಹೇಳುತ್ತಾರೆ. ಸುತ್ತಿ ಬಳಸುವುದಿಲ್ಲ. “ನಿಮ್ಮ ಹೆಡ್ಡು ಕೆಟ್ಟಿದ್ದು ಇಂಕಿಂದ ಅಲ್ಲಮ್ಮ. ಕೆಡಿಸಿದ್ದು ನಾನು. ಹಳದಿ ಮೊದಲಿಂದಲೂ ಸರಿಯಾಗೇ ಇತ್ತು. ನನಗೆ ಕಾಣ್ತಿರ್ಲಿಲ್ಲ.”

ಆಕೆಯ ಮುಖ ಬಿಗಿಯುತ್ತದೆ. “ಒಂದು ತಿಂಗಳಿಂದ ನನ್ನ ಕೆಲಸ ಎಲ್ಲಾ ಎದುರಂಗಡಿಗೆ ಹೋಗ್ತಿದೆ, ಗೊತ್ತಾ ನಿಮಗೆ? ಅವತ್ತೇ ಹೇಳ್ಬಾರ್ದಿತ್ತಾ?”

“ಅವತ್ತು ನನಗೇ ಗೊತ್ತಿರ್ಲಿಲ್ಲ.”

“ಗೊತ್ತಾದ ದಿನ?”

ಹೆಂಡತಿ ಬಾಯಿ ತೆರೆಯಹೋಗುತ್ತಾರೆ. ಶಾಯಣ್ಣ ಕೈಸನ್ನೆ ಮಾಡಿ ತಡೆಯುತ್ತಾರೆ. “ಹೆದರಿದ್ದೆ,” ಎನ್ನುತ್ತಾರೆ ಕೊನೆಗೆ. ಸ್ಟುಡಿಯೋದಾಕೆ ಕಿಟಕಿಯ ಕಡೆ ತಿರುಗಿ, ಹೊಸ ಯಂತ್ರಕ್ಕೆ ಹೇಳಿಯಾಗಿದೆ, ಮುಂದಿನ ವಾರ ಕಂಪನಿಯ ಹುಡುಗರು ತಂದು ಕೂರಿಸುತ್ತಾರೆ, ಇನ್ನು ಮುಂದೆ ಅವರೇ ನೋಡಿಕೊಳ್ಳುತ್ತಾರೆ ಎಂದು ಹೇಳುತ್ತಾರೆ. ಕ್ಷಮಿಸಿದೆ ಎಂದು ಹೇಳುವುದಿಲ್ಲ. ಹೇಳಬೇಕೆಂದು ಯಾರೂ ಕಾಯುತ್ತಿಲ್ಲ.

“ಅಲ್ಲೀವರೆಗೆ ಇದು ಓಡ್ಲಿ,” ಎಂದು ಶಾಯಣ್ಣ ತಿರುಪುಳಿ ತೆಗೆಯುತ್ತಾರೆ.

ಮನೆಯದ್ದೂ ಇದೂ ಒಂದೇ ಮಾದರಿಯ ಪ್ರಿಂಟರು, ಈ ಮಾದರಿಯ ಹೆಡ್ಡು ಈಗ ಎಲ್ಲೂ ಸಿಗುವುದಿಲ್ಲ. ಶಾಯಣ್ಣನ ಕೈಗಳಿಗೆ ಕಣ್ಣು ಬೇಡ. ಒಡೆದ ಹೆಡ್ಡು ಹೊರಗೆ ಬರುತ್ತದೆ, ಮನೆಯಿಂದ ತಂದದ್ದು ಒಳಗೆ ಕೂರುತ್ತದೆ, ಕೊಳವೆಗಳು ಒಂದೊಂದಾಗಿ ಸಿಕ್ಕಿಕೊಳ್ಳುತ್ತವೆ. ಗಾಳಿ ತೆಗೆದು, ಸಾಲು ಹೊಂದಿಸಿ, ಪರೀಕ್ಷೆಯ ಪುಟ ತೆಗೆಯುತ್ತಾರೆ. ಹಾಳೆಯನ್ನು ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು, ಆಮೇಲೆ ನೆನಪಾಗಿ ಹೆಂಡತಿಯ ಕೈಗೆ ಕೊಡುತ್ತಾರೆ. ಹೆಂಡತಿ ನೂಲು ಹೊಂದಿಸುವಾಗಿನ ಗಮನದಿಂದ ನೋಡಿ ತಲೆಯಾಡಿಸುತ್ತಾರೆ. ಎಲ್ಲ ಗೆರೆಯೂ ಇದೆ.

ಸ್ಟುಡಿಯೋದಾಕೆ ಕಾದಿಟ್ಟ ಒಂದು ಚಿತ್ರವನ್ನು ಮುದ್ರಣಕ್ಕೆ ಹಾಕುತ್ತಾರೆ. ತೀರಿಕೊಂಡ ಮುದುಕಿಯೊಬ್ಬರದ್ದು. ಮನೆಯವರು ಎದುರಂಗಡಿಯಲ್ಲಿ ತೆಗೆಸದೆ ಇಲ್ಲಿಗೇ ಬಂದು ಕಾದಿದ್ದಾರೆ. ನಮ್ಮಮ್ಮ ಯಾವಾಗಲೂ ಹೊದ್ದುಕೊಳ್ಳುತ್ತಿದ್ದ ಶಾಲಿನ ಬಣ್ಣ ಸರಿಯಾಗಿ ಬರಬೇಕು ಎಂದು ಎರಡೆರಡು ಸಲ ಹೇಳಿದ್ದಾರೆ. ಯಂತ್ರ ಗೊರಗುಟ್ಟುತ್ತ ಕಾಗದವನ್ನು ಇಂಚಿಂಚಾಗಿ ಹೊರಗೆ ಬಿಡುತ್ತದೆ. ಮೊದಲು ನರೆತ ಕೂದಲು, ಆಮೇಲೆ ಹಣೆಯ ನೆರಿಗೆ, ಕಣ್ಣು, ಆಮೇಲೆ ಭುಜದ ಮೇಲಿನ ಶಾಲು.

“ಹೇಗಿದೆ ಶಾಯಣ್ಣ ಬಣ್ಣ?” ಎಂದು ಕೇಳಿದ ಮೇಲೆ ಆಕೆಗೆ ತಾನು ಕೇಳಿದ್ದೇನೆಂದು ಅರಿವಾಗುತ್ತದೆ. ಇಷ್ಟು ವರ್ಷ ಪ್ರತಿ ಫೋಟೋಗೂ ಕೇಳಿದ ಮಾತು, ಬಾಯಿಗೆ ತಾನಾಗಿಯೇ ಬಂದಿದೆ.

ಶಾಯಣ್ಣ ಬಗ್ಗಿ ನೋಡುತ್ತಾರೆ. “ನನಗೆ ಬಿಳಿ ಶಾಲು ಕಾಣ್ತಿದೆ. ನೀವೇ ಹೇಳಿ.”

ಆಕೆ ಕೊಂಚ ಹೊತ್ತು ಚಿತ್ರವನ್ನೇ ನೋಡುತ್ತಾರೆ. ದನಿ ಮೊದಲಿನಷ್ಟು ಗಟ್ಟಿಯಿಲ್ಲ. “ಹಳದಿ. ಚೆನ್ನಾಗಿ ಹಣ್ಣಾದ ನಿಂಬೆಹಣ್ಣಿನ ಹಾಗಿದೆ. ಅಂಚಲ್ಲಿ ಸ್ವಲ್ಪ ಮಾಸಿದೆ.”

“ಮುಖ?”

“ಮುಖಾನೂ ಚೆನ್ನಾಗಿದೆ. ಈಗಷ್ಟೇ ಯಾರೋ ಕರೆದು, ತಿರುಗಿ ನೋಡಿದಂಗಿದೆ.”

“ಹಂಗಿದ್ರೆ ಸರಿ,” ಎಂದು ಶಾಯಣ್ಣ ಒಡೆದ ಹೆಡ್ಡನ್ನು ಖಾಲಿ ಡಬ್ಬಿಗೆ ಹಾಕಿಕೊಳ್ಳುತ್ತಾರೆ. “ಇಂಕು ಮುಗಿದ್ರೆ ಬಣ್ಣದಜ್ಜನ ಹತ್ತಿರಾನೇ ತಗೊಳ್ಳಿ ಅಮ್ಮ. ಇಷ್ಟು ದಿನ ನನ್ನ ಮಾತು ಕೇಳಿದೀರಿ. ಇದೊಂದು ಕೇಳಿ.” ಆಕೆ ಚಿತ್ರದ ಅಂಚನ್ನು ಕತ್ತರಿಸತೊಡಗುತ್ತಾರೆ. ಹೊಸ ಯಂತ್ರ ಬಂದರೆ ಅದರ ಇಂಕು ಕಂಪನಿಯದ್ದೇ ಆಗಬೇಕು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿದೆ.

ಹೊರಗೆ ಬಿಸಿಲು ಏರಿದೆ. ಇವತ್ತು ಮಾಡಲು ಬೇರೆ ಕೆಲಸವಿಲ್ಲ. ನಾಳೆಗೂ ಯಾರೂ ಕರೆದಿಲ್ಲ. ಮನೆಯ ಮೇಜಿನ ಮೇಲಿನ ಪ್ರಿಂಟರು ಇನ್ನೆಂದೂ ಓಡುವುದಿಲ್ಲ. ಬಣ್ಣದಜ್ಜನ ಅಂಗಡಿಯ ಮುಂದೆ ಬಂದಾಗ ಶಾಯಣ್ಣನ ನಡಿಗೆ ನಿಧಾನವಾಗುತ್ತದೆ. ಅಂಗಡಿ ತೆರೆದಿದೆ, ಗಿರಾಕಿಗಳಿಲ್ಲ. ಮುದುಕ ಖಾಲಿ ಬಾಟಲಿಗಳ ಧೂಳು ಒರೆಸುತ್ತ ಕೂತಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಹೆಂಡತಿ ಚರಂಡಿಯ ಅಂಚನ್ನು ನೋಡಿ ಬೇಗ ಕಣ್ಣು ಬೇರೆ ಕಡೆ ಹೊರಳಿಸುತ್ತಾರೆ. ಅಲ್ಲಿನ ಕಲ್ಲಿಗೆ ಹಿಡಿದ ಹಳದಿ ಇನ್ನೂ ಹೋಗಿಲ್ಲ.

“ಕಲೆ ಇದೆಯಾ ಇನ್ನೂ?” ಎಂದು ಶಾಯಣ್ಣ ಹೆಂಡತಿಯನ್ನು ಕೇಳುತ್ತಾರೆ.

“ಇದೆ,” ಎನ್ನುತ್ತಾರೆ ಅವರು.

ಮನೆಯ ಓಣಿಗೆ ತಿರುಗುವ ಮುನ್ನ ಶಾಯಣ್ಣ ನಿಂತು, ಬೆಳಗಿನಿಂದ ಅವರ ಮಾತುಗಳನ್ನು ಬರೆದುಕೊಳ್ಳುತ್ತ ಬಂದ ಪತ್ರಿಕೆಯವರ ಕಡೆ ತಿರುಗುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಆಗಲೇ ಕೇಳಿದ್ದ ಪ್ರಶ್ನೆಗೆ ಉತ್ತರ ಈಗ ಬರುತ್ತದೆ.

“ನಿಮ್ಮ ಪೇಪರ್ ಈ ಪೇಟೇಲಿ ಎಲ್ಲರೂ ಓದ್ತಾರಲ್ಲ. ನಾನು ಮನೆಮನೆಗೆ ಹೋಗಿ ಹೇಳಿದ್ರೆ ಎಷ್ಟು ಜನಕ್ಕೆ ತಲುಪುತ್ತೆ? ನನ್ನ ಬಗ್ಗೆ ಒಳ್ಳೇದು ಕೆಟ್ಟದ್ದು ಏನು ಬೇಕಾದ್ರೂ ಬರ್ಕೊಳ್ಳಿ. ಬಣ್ಣದಜ್ಜನ ಇಂಕು ಚೆನ್ನಾಗಿತ್ತು ಅಂತ ಒಂದು ಸಾಲು ಹಾಕಿ. ಕಪ್ಪು ಅಕ್ಷರದಲ್ಲೇ ಹಾಕಿ, ನಾನೂ ಓದಬೇಕು.”